ಶಿರಾದಲ್ಲಿ ಕೊಟ್ಟ ಬಂಗಾರ

ಧಾತೃ ನಾಮ ಸಂವತ್ಸರದ ಆಶ್ವಯುಜ ಶುದ್ಧ ದಶಮಿ. ೧೯೩೬ನೆಯ ಇಸವಿ ಅಕ್ಟೋಬರ್ ೨೫, ಭಾನುವಾರ. ಈ ದಿನಾಂಕವನ್ನು ಆ ವರ್ಷದ ಒಂದು ಹಳೆಯ ಪಂಚಾಂಗದಿಂದ ತೆಗೆದುಕೊಂಡಿದ್ದೇನೆ. ಅದರ ಮೊದಲ ಹಾಳೆಗಳು ಗೆದ್ದಲಿನ ಪಾಲಾಗಿವೆ, ಆಶ್ವಯುಜ ಮಾಸದ ಪುಟ ಮಾತ್ರ ಓದಲು ಬರುವಂತಿದೆ. ವಾರವನ್ನು ಬೇರೆಯಾಗಿ ಲೆಕ್ಕ ಹಾಕಿ ತಾಳೆ ನೋಡಿದ್ದೇನೆ. ಹೀಗೆ ನೋಡುವ ಮುನ್ನ ಬಹಳ ವರ್ಷಗಳ ಕಾಲ ಆ ವಿಜಯದಶಮಿ ಶನಿವಾರ ಬಂದಿತ್ತೆಂದೇ ನಾನು ಹೇಳುತ್ತಿದ್ದೆ. ಒಂದು ದಿನದ ತಪ್ಪು ದೊಡ್ಡದೇನಲ್ಲ. ಆದರೆ ವಾರವೇ ತಪ್ಪಿದ ಮೇಲೆ ಉಳಿದುದರಲ್ಲಿ ಎಷ್ಟು ಸರಿ ಎಂಬ ಸಂಶಯ ಹುಟ್ಟಿ, ಆ ಸಂಜೆಯ ಒಂದೊಂದು ವಿವರವನ್ನೂ ಹಿಡಿದು ಪರೀಕ್ಷಿಸುವ ಅಭ್ಯಾಸ ನನಗೆ ಅಂಟಿಕೊಂಡಿತು.

ಆಗ ನನಗೆ ಇಪ್ಪತ್ತೆರಡು ವರ್ಷ. ಶಾಸನ, ಕಡತಗಳ ಹುಡುಕಾಟಕ್ಕೆ ಬಿದ್ದದ್ದು ಬಹಳ ಆಮೇಲೆ. ಅಂದು ಹುಬ್ಬಳ್ಳಿಯ ಒಬ್ಬ ಎಣ್ಣೆ ವ್ಯಾಪಾರಿಯ ಪರವಾಗಿ ಕಡಲೆಕಾಯಿ ಖರೀದಿಸಲು, ಹಿರಿಯ ಗುಮಾಸ್ತರೊಬ್ಬರ ಕೈಕೆಳಗೆ ಶಿರಾಕ್ಕೆ ಬಂದಿದ್ದೆ. ಈಗಿನ ಓದುಗರಿಗೆ ಧಾರವಾಡ ಸೀಮೆಯಿಂದ ಶಿರಾಕ್ಕೆ ಬರುವುದು ಪರನಾಡಿಗೆ ಹೋದಂತೆ ಎಂದರೆ ನಗು ಬಂದೀತು. ಆಗ ನಮ್ಮದು ಮುಂಬಯಿ ಇಲಾಖೆ, ಇದು ಮಹಾರಾಜರ ಸಂಸ್ಥಾನ. ಕಾಯಿದೆ ಬೇರೆ, ಅಳತೆ ಬೇರೆ, ಊಟ ಬೇರೆ. ಭಾಷೆ ಒಂದೇ ಎಂದು ನಂಬಿಕೊಂಡು ಬಂದಿದ್ದೆವು. ಬೀದಿಯವರು ನಮ್ಮನ್ನು ‘ಪರ್ದೇಸಿಗಳು’ ಎನ್ನುತ್ತಿದ್ದರು. ಆ ಮಾತಿಗೆ ಹೊರನಾಡಿನವನು ಎಂಬ ಅರ್ಥವೂ ಉಂಟು, ದಿಕ್ಕಿಲ್ಲದವನು ಎಂಬ ಅರ್ಥವೂ ಉಂಟು. ಅವರು ಯಾವುದನ್ನು ಉದ್ದೇಶಿಸಿದ್ದರೋ ತಿಳಿಯದು. ದೀಪ ಹಚ್ಚುವ ಹೊತ್ತಿಗೆ ನಮಗೆ ಎರಡೂ ಸರಿಯೆನಿಸುತ್ತಿತ್ತು.

ನಾವು ಬಾಡಿಗೆಗೆ ಹಿಡಿದದ್ದು ಒಬ್ಬ ವಿಧವೆಯ ಮನೆಯ ಮುಂಭಾಗದ ಕೋಣೆ. ಅವರೂ ನಮ್ಮಂತೆಯೇ ಲಿಂಗವಂತರು. ಒಳಮನೆಯಲ್ಲಿ ಆಕೆ ಮತ್ತು ಆಕೆಯ ಒಬ್ಬಳೇ ಮಗಳು. ಊಟವೂ ಅವರಲ್ಲಿಯೇ. ಮೊದಲ ದಿನ ರಾಗಿ ಮುದ್ದೆಯನ್ನು ನಾನು ಜೋಳದ ರೊಟ್ಟಿಯಂತೆ ಅಗಿಯತೊಡಗಿದಾಗ ಬಾಗಿಲ ಮರೆಯಿಂದ ಮಗಳು ನಕ್ಕ ಸದ್ದು ಕೇಳಿಸಿತು. ತಾಯಿ ಗದರಿದರು: “ನಗಬ್ಯಾಡ ಕಣಮ್ಮಿ, ಪರ್ದೇಸಿ ಹುಡ್ಗ, ಪಾಪ. ನುಂಗ್ಬೇಕು ಕಣಪ್ಪ, ಅಗೀಬಾರ್ದು. ಅಗುದ್ರೆ ನಾಳೆ ಗಂಟ ಕುಂತಿರ್ತೀಯ.”

ಎದುರಿನ ಅಂಗಡಿಯಲ್ಲಿ ಒಬ್ಬ ಸಾಹೇಬರು ಹೊಲಿಗೆಯ ಯಂತ್ರ ಇಟ್ಟುಕೊಂಡಿದ್ದರು. ಶಿರಾದಲ್ಲಿ ನಮಗಾದ ಮೊದಲ ಸ್ನೇಹಿತರು ಅವರೇ. ನಮ್ಮ ಹಿರಿಯ ಗುಮಾಸ್ತರು ಯಾವುದನ್ನು ಮೆಚ್ಚಿದರೂ “ಚಲೋ ಐತಿ” ಎನ್ನುವವರು. ಚಹಾ ಚಲೋ, ಗಾಳಿ ಚಲೋ, ಅಂಗಿಯ ಹೊಲಿಗೆ ಚಲೋ. ಸಾಹೇಬರು ಪ್ರತಿಸಲವೂ ಕತ್ತರಿ ಕೆಳಗಿಟ್ಟು ಎದ್ದು ನಿಲ್ಲುವರು: “ಚಲೋ ಚಲೋ ಅಂತೀರಿ, ಎಲ್ಲಿಗೆ ಅಂತ ಹೇಳಾಕಿಲ್ಲ. ಹೊರಡೋದೋ ಬ್ಯಾಡ್ವೋ ಭಾಯ್?” ಈ ಹಾಸ್ಯ ದಿನವೂ ನಡೆಯುತ್ತಿತ್ತು, ದಿನವೂ ನಾವು ನಗುತ್ತಿದ್ದೆವು. ಒಂದೇ ಮಾತಿಗೆ ಎರಡು ಕಡೆ ಎರಡು ಅರ್ಥವಿರುವುದು ಆಗ ನಮಗೆ ನಗುವ ವಿಷಯವಾಗಿತ್ತು.

ಆ ಮನೆಯ ಕಷ್ಟ ನಮಗೆ ತಿಳಿಯಲು ತಡವಾಗಲಿಲ್ಲ. ಊಟ ಬಡಿಸುವಾಗ ಮನೆಯಾಕೆ ಹಿರಿಯ ಗುಮಾಸ್ತರೊಡನೆ ಅದನ್ನೇ ಹೇಳಿಕೊಳ್ಳುತ್ತಿದ್ದರು. ಮಗಳಿಗೆ ಹತ್ತೊಂಬತ್ತು ತುಂಬಿತ್ತು. ಅಂದಿನ ಲೆಕ್ಕದಲ್ಲಿ ಅದು ಮೀರಿದ ವಯಸ್ಸು. ತಂದೆ ಸತ್ತ ವರ್ಷ ಗೊತ್ತಾಗಿದ್ದ ಸಂಬಂಧ ಮುರಿದುಹೋಗಿತ್ತು. ಆಮೇಲೆ ಬಂದವರು ಯಾರೂ ಎರಡನೆಯ ಸಲ ಬರಲಿಲ್ಲ. ಈಗ ಕೊರಟಗೆರೆ ತಾಲ್ಲೂಕಿನ ಕೊಳಾಲದಲ್ಲಿದ್ದ ಮನೆಯಾಕೆಯ ಅಣ್ಣ ಒಂದು ಗಂಡು ನೋಡಿದ್ದರು. ಪಾವಗಡದ ಕಡೆ ಬಲಸಮುದ್ರದವನು, ಹೆಂಡತಿ ಸತ್ತವನು, ಹುಡುಗಿಗಿಂತ ತುಸುವೇ ಚಿಕ್ಕವಳಾದ ಮಗಳಿದ್ದವನು. ದೀಪಾವಳಿಯೊಳಗೆ ಬೇರೆ ಯಾರೂ ಸಿಕ್ಕದಿದ್ದರೆ ಅವನಿಗೇ ಕೊಡುವುದೆಂದು ಅಣ್ಣ ಹೇಳಿ ಹೋಗಿದ್ದರು.

“ಆ ಕಡೆ ಎಲ್ಲಾ ತೆಲುಗು ಕಣ್ರಿ ಗುಮಾಸ್ತ್ರೆ,” ಎನ್ನುತ್ತಿದ್ದರು ಆಕೆ. “ಅತ್ತೆ ಬೈದ್ರೂ ನನ್ ಮಗಳಿಗೆ ತಿಳಿಯಾಕಿಲ್ಲ. ಮಧುಗಿರಿ ದಾಟುದ್ಮೇಲೆ ನಡುವೆ ಬ್ಯಾರೆ ಸರ್ಕಾರದ ನೆಲ ಬತ್ತದಂತೆ. ನಾನ್ ಹೆಂಗೆ ಹೋಗಿ ನೋಡ್ಕಂಡ್ ಬರ್ಲಿ?”

ಹಿರಿಯ ಗುಮಾಸ್ತರು ಮೃದು ಹೃದಯದವರು. “ಆಗ್ತೈತ್ರಿ ಅಕ್ಕಾರ, ಚಲೋನ ಆಗ್ತೈತಿ. ದೇವರು ಅದಾನ,” ಎನ್ನುವರು. ಹುಬ್ಬಳ್ಳಿಯ ಹತ್ತಿರದ ಹಳ್ಳಿಯಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದಿದ್ದ ಅವರಿಗೆ ಈ ಮನೆ ತಂಗಿಯ ಮನೆಯಂತಾಗಿತ್ತು.

ದಸರೆ ಹತ್ತಿರವಾದಂತೆ ಅವರು ಮಂಕಾದರು. ನಮ್ಮ ಕಡೆ ನವರಾತ್ರಿ ಮುಗಿದ ಮಾರನೆಯ ಸಂಜೆಯೇ ಹಬ್ಬದ ಹಬ್ಬ. ಊರ ಹೊರಗೆ ಹೋಗಿ ಬನ್ನಿಯ ಎಲೆ ತಂದು, ಅದನ್ನು ಬಂಗಾರವೆಂದು ಕರೆದು, ಮನೆ ಮನೆಗೆ ಹೋಗಿ ಹಿರಿಯರ ಕೈಗಿಟ್ಟು ಕಾಲಿಗೆ ಬೀಳುವುದು; ಸರೀಕರಾದರೆ ಅಪ್ಪಿಕೊಳ್ಳುವುದು. ವರ್ಷವಿಡೀ ಮಾತು ಬಿಟ್ಟವರೂ ಅಂದು ಎಲೆ ಕೊಟ್ಟು ಮಾತಾಡಲೇಬೇಕು. ನನಗೆ ಎಲ್ಲ ಹಬ್ಬಗಳಿಗಿಂತ ಪ್ರಿಯವಾದದ್ದು ಅದೇ. ಶಿರಾದ ಕಡೆಯೂ ಬನ್ನಿಯ ಪೂಜೆ ಉಂಟು, ಎಲೆ ತಂದು ದೇವರ ಮುಂದಿಡುವುದೂ ಉಂಟು. ಅದನ್ನು ಬಂಗಾರವೆಂದು ಹೆಸರಿಟ್ಟು ಹಂಚುವುದನ್ನು ಮಾತ್ರ ನಮ್ಮ ಬೀದಿಯಲ್ಲಿ ನಾನು ಕಾಣಲಿಲ್ಲ. ತಾಲ್ಲೂಕಿನಲ್ಲಿ ಬೇರೆಲ್ಲಿಯೂ ಇರಲಿಲ್ಲವೆಂದು ಹೇಳಲು ನನ್ನಲ್ಲಿ ಆಧಾರವಿಲ್ಲ.

ಹಬ್ಬಕ್ಕೆ ಎರಡು ದಿನ ಮುಂಚೆ, ಅಂದರೆ ಶುಕ್ರವಾರ, ಊಟ ಮುಗಿಸಿ ಎದ್ದ ಹಿರಿಯ ಗುಮಾಸ್ತರು ಅಡುಗೆಮನೆಯ ಬಾಗಿಲ ಬಳಿ ನಿಂತು ಗಂಭೀರವಾಗಿ ಹೇಳಿದರು: “ಅಕ್ಕಾರ, ಆದಿತ್ಯವಾರ ಸಂಜೀಕ ನಮ್ಮ ಹುಡುಗನ್ನ ಕರ್ಕೊಂಡು ನಿಮ್ಮನಿಗೆ ಬಂಗಾರ ಕೊಡಾಕ ಬರ್ತೀನ್ರಿ. ಬ್ಯಾಡ ಅನ್ನಬ್ಯಾಡ್ರಿ.”

ಆಕೆಯ ಕೈಯಲ್ಲಿದ್ದ ಸೌಟು ನಿಂತಿತು. “ಬಂಗಾರ್ವಾ?”

“ಹೌದ್ರಿ. ನಮ್ಮ ಕಡೆ ಪದ್ಧತಿ. ಒಳ್ಳೇ ದಿನಾ ಐತಿ. ಕೊಟ್ಟು, ಹಿರ್ಯಾರ ಕಾಲಿಗೆ ಬೀಳೂದು.”

ಆಕೆ ನನ್ನ ಕಡೆ ನೋಡಿದರು. ನಾನು ಹಬ್ಬದ ಉತ್ಸಾಹದಲ್ಲಿ ತಲೆಯಾಡಿಸಿದೆ. “ಹಂಗಾದ್ರೆ ನಮ್ಮಣ್ಣಂಗೂ ಹೇಳ್ ಕಳುಸ್ಲಾ?” ಎಂದು ಕೇಳಿದರು, ಧ್ವನಿ ಬಹಳ ಸಣ್ಣದಾಗಿತ್ತು.

“ಕಳಸ್ರಲ್ಲ! ನಾಕ್ ಮಂದಿ ಹಿರ್ಯಾರು ಕೂಡಿದ್ರ ಇನ್ನೂ ಚಲೋ.”

ಮರುದಿನ ಬೆಳಿಗ್ಗೆ ಮಧುಗಿರಿಯ ಮೇಲೆ ಕೊರಟಗೆರೆಗೆ ಹೋಗುವ ಬಸ್ಸಿನ ಡ್ರೈವರನ ಬಾಯಲ್ಲಿ ಕೊಳಾಲಕ್ಕೆ ಸುದ್ದಿ ಹೋಯಿತು. ಆ ಇಡೀ ದಿನ ಮನೆಯಲ್ಲಿ ಸಾರಿಸುವ, ಸುಣ್ಣ ಬಳಿಯುವ ಸಡಗರ. ದಸರೆಯ ಸಡಗರವೆಂದು ನಾವು ತಿಳಿದೆವು. ಬಡಿಸಲು ಬಂದ ಮನೆಯಾಕೆ ಅಂದು ನನ್ನನ್ನು ‘ಕಣಪ್ಪ’ ಎನ್ನಲಿಲ್ಲ, ಬಹುವಚನದಲ್ಲಿ ಮಾತನಾಡಿಸಿದರು. ತುಪ್ಪ ಹೆಚ್ಚಾಗಿ ಬಿತ್ತು. ಇದನ್ನು ಗಮನಿಸಿದ್ದು ಆಗಲೋ, ಆಮೇಲೆ ಯೋಚಿಸುವಾಗಲೋ ಹೇಳಲಾರೆ.

ಭಾನುವಾರ ಮಧ್ಯಾಹ್ನ ನಾವಿಬ್ಬರೂ ಕೆರೆಯ ಕಡೆಗೆ ಎಲೆ ತರಲು ಹೊರಟಾಗ ಸಾಹೇಬರೂ ಅಂಗಡಿಗೆ ಹಲಗೆ ಹಾಕಿ ಜೊತೆಗೆ ಬಂದರು. ಅಂದು ‘ಚಲೋ’ ಎಂದವರು ಅವರೇ. ದಾರಿಯುದ್ದಕ್ಕೂ ನನ್ನನ್ನು ನೋಡಿ ಮೀಸೆಯಲ್ಲಿ ನಗುತ್ತಿದ್ದರು.

“ಏನ್ ಭಾಯ್, ಇವತ್ ಬಂಗಾರದ ದಿನ!”

“ಹೌದ್ರಿ ಸಾಹೇಬ್ರ, ಬಂಗಾರದ ದಿನಾನ,” ಎಂದೆ.

“ಹಸಿರು ರವಿಕೆ, ನಾನೇ ಹೊಲ್ದಿದ್ದು. ನೆನ್ನೆ ಕೊಟ್ಟು ನೆನ್ನೇನೇ ಬೇಕು ಅಂತ ಕುಂತ್ಬುಟ್ರು ಆಯಮ್ಮ. ಕೂಲಿ ಕೊಡಾಕ್ ಬಂದ್ರು, ನಾನ್ ತಕಳ್ಳಿಲ್ಲ. ಇಂಥದುಕ್ಕೆಲ್ಲಾ ತಕೊಂಡ್ರೆ ಆಯ್ತದಾ?”

ಹಬ್ಬಕ್ಕೆ ಹೊಸ ರವಿಕೆ ಹೊಲಿಸುವುದರಲ್ಲಿ ನನಗೆ ವಿಶೇಷವೇನೂ ಕಾಣಲಿಲ್ಲ. ಬನ್ನಿಯ ಮುಳ್ಳು ತಗುಲಿದ ಬೆರಳನ್ನು ಚೀಪುತ್ತ ಟವೆಲಿನ ತುಂಬ ಎಲೆ ಕಟ್ಟಿಕೊಂಡೆ. ಆಕಾಶ ಮೋಡ ಕವಿದು ಬೂದಿಯ ಬಣ್ಣಕ್ಕೆ ತಿರುಗಿತ್ತು. ಹಿಂದಿರುಗುವಾಗ ಹನಿಯತೊಡಗಿತು. ಟವೆಲು ಒದ್ದೆಯಾದದ್ದು, ಒಣ ಮಣ್ಣು ನೆನೆದ ವಾಸನೆ ಬಂದದ್ದು, ಎಲೆಗಳ ಮೇಲೆ ನೀರು ನಿಂತದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಆ ವರ್ಷಗಳ ಶಿರಾದಲ್ಲಿ ಮಳೆಯನ್ನು ಯಾರೂ ಸುಮ್ಮನೆ ಮರೆಯುತ್ತಿರಲಿಲ್ಲ.

ಮನೆಯ ಬಾಗಿಲಿಗೆ ಮಾವಿನ ತೋರಣ, ಅಂಗಳದಲ್ಲಿ ದೊಡ್ಡ ರಂಗೋಲಿ. ಒಳಗೆ ಪಡಸಾಲೆಯಲ್ಲಿ ಹೊಸ ಕಂಬಳಿ ಹಾಸಿತ್ತು. ಅದರ ಮೇಲೆ ಬೀದಿಯ ಮೂವರು ಹಿರಿಯರೂ ಕೊಳಾಲದಿಂದ ಬಂದಿದ್ದ ಅಣ್ಣನೂ ಕುಳಿತಿದ್ದರು. ನಡುವೆ ತಟ್ಟೆಯಲ್ಲಿ ವೀಳ್ಯದೆಲೆ, ಅಡಕೆ, ಕೊಬ್ಬರಿ, ಸಕ್ಕರೆ. ಮನೆಯಾಕೆ ಅಡುಗೆಮನೆಯ ಹೊಸಿಲ ಬಳಿ. ಅವರ ಹಿಂದೆ, ಹಸಿರು ರವಿಕೆಯ ಮೇಲೆ ತಾಯಿಯ ಹಳೆಯ ರೇಷ್ಮೆ ಸೀರೆಯುಟ್ಟು, ತಲೆ ತಗ್ಗಿಸಿ ಮಗಳು. ಪರನಾಡಿನ ನಮ್ಮ ಹಬ್ಬಕ್ಕೆ ಇವರು ಇಷ್ಟು ಮರ್ಯಾದೆ ಮಾಡಿದರಲ್ಲ ಎಂದು ಹಿರಿಯ ಗುಮಾಸ್ತರ ಕಣ್ಣು ತುಂಬಿತು. ಸಾಹೇಬರು ಬಾಗಿಲಲ್ಲೇ ನಿಂತರು.

ಗುಮಾಸ್ತರು ನನ್ನ ಟವೆಲಿನಿಂದ ಒಂದು ಹಿಡಿ ಎಲೆ ತೆಗೆದು, ಎರಡೂ ಕೈಯಿಂದ ಮೊದಲು ಮನೆಯಾಕೆಯ ಬೊಗಸೆಗೆ ಹಾಕಿದರು. “ಬಂಗಾರ ತಗೊಂಡು ಬಂಗಾರದಂಗ ಇರೋಣ್ರಿ ಅಕ್ಕಾರ.”

ಆಕೆ ಬೊಗಸೆಯನ್ನು ನೋಡಿದರು. ಹೆಬ್ಬೆರಳಿನಿಂದ ಎಲೆಗಳನ್ನು ಮೆಲ್ಲಗೆ ಸರಿಸಿದರು. ಕೆಳಗೂ ಎಲೆಯೇ ಇತ್ತು. ಮತ್ತೊಮ್ಮೆ ಸರಿಸಿದರು. ಈ ಚಲನೆಯನ್ನು ನಾನು ಯಾವ ದಾಖಲೆಯೂ ಇಲ್ಲದೆ ಪ್ರಮಾಣ ಮಾಡಿ ಹೇಳಬಲ್ಲೆ.

“ಏನ್ರಪ್ಪ ಇದು? ಸೊಪ್ಪು!” ಎಂದರು ಅಣ್ಣ. “ಬಂಗಾರ ಎಲ್ಲಿ?”

“ಇದ ಬಂಗಾರ್ರಿ. ಬನ್ನಿ. ನಮ್ಮ ಕಡೆ ದಸರಿಗೆ ಇದಕ್ಕ ಬಂಗಾರ ಅಂತಾರ.”

ಮೂವರು ಹಿರಿಯರಲ್ಲಿ ಒಬ್ಬರು ನಗೆ ತಡೆಯಲಾರದೆ ಕೆಮ್ಮಿದರು. ಅಣ್ಣನ ಮುಖ ಕೆಂಪಾಯಿತು. “ಮ್ಯಾಕೆ ಮರಿಗೆ ಹಾಕಾಕೆ ತಂದವ್ರೆ ಕಣಮ್ಮ ನಿನ್ ಪರ್ದೇಸಿಗಳು! ಇದುಕ್ಕೆ ನಾನ್ ಹೊಲದ್ ಕೆಲ್ಸ ಬುಟ್ಟು ಬಸ್ ಹತ್ಕಂಡ್ ಬಂದ್ಬುಟ್ಟೆ.”

ಆಗಲೂ ಹಿರಿಯ ಗುಮಾಸ್ತರಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಬಾಗಿಲಲ್ಲಿದ್ದ ಸಾಹೇಬರೇ ಮೊದಲು ತಿಳಿದವರು. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಧಾನವಾಗಿ ಹೇಳಿದರು: “ಗುಮಾಸ್ತ್ರೆ, ಇವ್ರು ಹೆಣ್ಣಿಗೆ ಬಂಗಾರ ಹಾಕಾಕೆ ಬತ್ತೀರಿ ಅಂದ್ಕಂಡವ್ರೆ.” ಮತ್ತೆ ಹಿರಿಯರ ಕಡೆ ತಿರುಗಿ, ಅರ್ಧ ನಗುತ್ತ, ಅರ್ಧ ಬೇಡುತ್ತ, “ತಪ್ಪೇನೈತೆ? ಹುಡ್ಗ ಇಲ್ಲೇ ನಿಂತವ್ನೆ, ಹುಡ್ಗಿ ಅಲ್ಲವ್ಳೆ. ಕೇಳ್ಬುಡಿ,” ಎಂದರು.

ಎಲ್ಲರೂ ನನ್ನನ್ನು ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಹಿರಿಯ ಗುಮಾಸ್ತರು, ಬೆವರಿದ ಮುಖವನ್ನು ತೋಳಿಗೆ ಒರೆಸಿಕೊಳ್ಳುತ್ತ ಉತ್ತರ ಕೊಟ್ಟರು: “ಇವನಿಗೆ ಸ್ವಾದರಮಾವನ ಮಗಳ್ನ ತೊಟ್ಟಿಲದಾಗ ಗೊತ್ತ್ ಮಾಡ್ಯಾರ್ರಿ. ಬರೂ ವೈಶಾಖಕ್ಕ ಮದುವಿ. ತಪ್ಪಾತ್ರಿ, ಅಕ್ಕಾರ. ಮಾತು ತಪ್ಪಾತು.” ಅದು ನಿಜ, ನನ್ನ ಮದುವೆ ಆ ವೈಶಾಖದಲ್ಲಿಯೇ ಆಯಿತು. ಆ ಸಂಜೆ ನನ್ನನ್ನೇ ಕೇಳಿದ್ದರೆ ಬೇರೆ ಉತ್ತರ ಬರುತ್ತಿತ್ತೇ ಎಂಬುದನ್ನು ನಿರ್ಧರಿಸಲು ಸಾಕಷ್ಟು ಆಧಾರಗಳು ಇಲ್ಲ.

ಅಣ್ಣ ತಟ್ಟೆಯ ಮೇಲೆ ಕೈಯಿಟ್ಟರು. “ಹಿರೀಕರ ಮುಂದೆ ಎಲೆ ಅಡ್ಕೆ ಇಟ್ಟಾಗದೆ. ಬರೀಗೈಲಿ ಎತ್ತಾಕಾಯ್ತದಾ? ನಾಳೆ ಊರೆಲ್ಲ ಏನಂದಾತು? ಇದೇ ತಟ್ಟೆ ಮ್ಯಾಲೆ ಬಲಸಮುದ್ರದೋರಿಗೆ ಮಾತು ಕೊಟ್ಬುಡಮ್ಮ. ದೀಪಾವಳಿ ಗಂಟ ಕಾಯೋದೂ ಬ್ಯಾಡ.”

ಹಿರಿಯರು ತಲೆದೂಗಿದರು. ನಗೆ ತಡೆದವರೂ ತಲೆದೂಗಿದರು. ಮನೆಯಾಕೆ ಬೊಗಸೆಯ ಎಲೆಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೆಯೇ ಹಿಡಿದು ನಿಂತಿದ್ದರು. ಕೊನೆಗೆ, “ನಿನ್ ಇಷ್ಟ ಅಣ್ಣ,” ಎಂದರು. ಅಣ್ಣ ತಟ್ಟೆಯಿಂದ ವೀಳ್ಯ ತೆಗೆದು ಹಿರಿಯರ ಕೈಗೆ ಕೊಟ್ಟರು. ಮಾತು ಮುಗಿಯಿತು.

ನಾವು ಹೊರಡಲು ತಿರುಗಿದೆವು. ಆಕೆ ತಡೆದರು. “ಹಬ್ಬದ ದಿನ ಬಾಗ್ಲಿಗೆ ಬಂದೋರು ಉಣ್ದೆ ಹೋಗ್ಬಾರ್ದು. ಒಬ್ಬಟ್ಟು ಮಾಡಿವ್ನಿ. ಕುಂತ್ಕಳಿ.” ನಮ್ಮ ಕಡೆ ಬಂಗಾರ ಕೊಡುವಾಗ ಮನೆಯಲ್ಲಿರುವ ಯಾರನ್ನೂ ಬಿಡಬಾರದು; ಬಿಟ್ಟರೆ ಅವರೊಡನೆ ವೈರ ಉಳಿಸಿಕೊಂಡಂತೆ. ಟವೆಲಿನಲ್ಲಿ ಎಲೆ ಉಳಿದಿತ್ತು. ಹಿರಿಯ ಗುಮಾಸ್ತರು ನನಗೆ ಕಣ್ಣಿನಲ್ಲೇ ಹೇಳಿದರು. ನಾನು ಹಿರಿಯರಿಗೂ ಅಣ್ಣನಿಗೂ ಎಲೆ ಕೊಟ್ಟೆ, ಅವರು ಕಂಬಳಿಯ ಮೇಲೆ ಬಿಟ್ಟರು. ಸಾಹೇಬರಿಗೆ ಕೊಟ್ಟೆ, ಅವರು ಜೇಬಿನಲ್ಲಿಟ್ಟುಕೊಂಡರು. ಕೊನೆಗೆ ಮಗಳ ಮುಂದೆ ನಿಂತೆ. ಎಲೆ ಮುಂದೆ ಹಿಡಿದೆ. ಅವಳು ಎರಡೂ ಕೈ ನೀಡಿ ಎಲೆ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಹಿತ್ತಿಲಿಗೆ ಹೋದಳು.

ನಾವು ಊಟಕ್ಕೆ ಕುಳಿತ ಮೇಲೆ ಅವಳು ನೀರಿನ ಚೊಂಬು ಹಿಡಿದು ಒಳಗೆ ಬಂದಳು. ಮುಖ ಒದ್ದೆಯಾಗಿತ್ತು, ಹಸಿರು ರವಿಕೆಯ ತೋಳೂ ಒದ್ದೆಯಾಗಿತ್ತು. ಅವಳ ಸೋದರಮಾವ ತಲೆಯೆತ್ತಿ ನೋಡಿದರು. “ಏನಮ್ಮಿ ಅದು ಮೊಕ?”

“ಮಳೆ ಹನೀತಾ ಐತೆ ಮಾವ,” ಎಂದಳು. ಇಷ್ಟು ದಿನಗಳಲ್ಲಿ ಅವಳ ಧ್ವನಿಯನ್ನು ನಾನು ಪೂರ್ತಿಯಾಗಿ ಕೇಳಿದ್ದು ಅದೊಂದೇ ಸಲ. “ಹೊರ್ಗಡೆ ಕಟ್ಗೆ ನೆನೀತೈತೆ ಅಂತ ಎತ್ತಿಟ್ ಬಂದೆ.”

ಒಬ್ಬಟ್ಟಿನ ರುಚಿ ನೆನಪಿಲ್ಲ. ನಮ್ಮ ಕಡೆ ಅದನ್ನು ಹೋಳಿಗೆ ಎನ್ನುತ್ತಾರೆಂದು ಹಿಂದೊಮ್ಮೆ ನಗುತ್ತ ವಾದಿಸಿದ್ದ ಹಿರಿಯ ಗುಮಾಸ್ತರು ಅಂದು ತಲೆಯೆತ್ತಲಿಲ್ಲ. ಅಂದಿನಿಂದ ಸಾಹೇಬರ ಅಂಗಡಿಯ ಮುಂದೆಯೂ ಅವರು ‘ಚಲೋ’ ಎಂಬ ಮಾತನ್ನು ಬಿಟ್ಟರು. ಸಾಹೇಬರು ಕೆಲವು ದಿನ ಕಾದು ನೋಡಿದರು. ಆಮೇಲೆ ಅವರೂ ಎದ್ದು ನಿಲ್ಲುವುದನ್ನು ನಿಲ್ಲಿಸಿದರು.

ಮದುವೆ ಬಲಸಮುದ್ರದಲ್ಲಿಯೇ ಆಯಿತು, ಕಾರ್ತಿಕ ಕಳೆದ ಮೇಲೆ ಎಂದು ನನ್ನ ನೆನಪು. ದಿನವನ್ನು ಖಚಿತಪಡಿಸಿಕೊಳ್ಳಲು ಆಗಿಲ್ಲ. ಅದನ್ನು ಮುಗಿಸಿಕೊಂಡು ಒಬ್ಬರೇ ಹಿಂದಿರುಗಿದ ಮನೆಯಾಕೆ ನಮಗೆ ಎಂದಿನಂತೆ ಮುದ್ದೆ ಬಡಿಸಿದರು. ಮತ್ತೆ ನನ್ನನ್ನು ‘ಕಣಪ್ಪ’ ಎಂದರು. ಬೈಗುಳವಿಲ್ಲ, ಸಿಟ್ಟಿಲ್ಲ. “ಬಸ್ನಲ್ಲಿ ಬರೀ ತೆಲುಗು ಕಣಪ್ಪ,” ಎಂದು ಮಾತ್ರ ಹೇಳಿದರು. “ಇಳ್ಕಂಡ್ಮೇಲೆ ನೋಡುದ್ರೆ, ಅವಳ ಬಾಯಲ್ಲಿ ಮಾತೇ ಇಲ್ಲ. ನೀವೇ ವಾಸಿ. ನನ್ ಮಗಳೂ ಪರ್ದೇಸಿ ಆಗ್ಬುಟ್ಲು.” ಕಡಲೆಕಾಯಿಯ ಕಾಲ ಮುಗಿದು ನಾವು ಶಿರಾ ಬಿಟ್ಟೆವು. ಮುಂದಿನ ದಸರೆಗೆ ಊರಿನಲ್ಲಿ ಎಲ್ಲರ ಕೈಗೂ ಬಂಗಾರವಿಟ್ಟೆ. ಬನ್ನಿಯ ಎಲೆ ಕೈಗೆ ಬಿದ್ದ ಯಾರಾದರೂ ಅದನ್ನು ಬೆರಳಿನಿಂದ ಸರಿಸಿ ನೋಡುತ್ತಾರೇನೋ ಎಂದು ಗಮನಿಸುವ ಚಟ ಅಂದಿನಿಂದ ಹೋಗಿಲ್ಲ. ಯಾರೂ ಹಾಗೆ ಸರಿಸಿ ನೋಡಿದ್ದನ್ನು ಮತ್ತೆ ಕಂಡಿಲ್ಲ.

ಇಷ್ಟನ್ನು ನಾನು ಹಲವರಿಗೆ ಹೇಳಿದ್ದೇನೆ. ಹೇಳುವಾಗಲೆಲ್ಲ ಆ ಸಂಜೆಯ ತುಂತುರು ಮಳೆಯನ್ನು ಬಿಡದೆ ಹೇಳಿದ್ದೇನೆ. ಹುಡುಗಿಯ ಮುಖದ ಮೇಲಿದ್ದದ್ದು ಮಳೆಯ ನೀರು, ಅವಳು ಅಳಲಿಲ್ಲ, ಧೈರ್ಯದ ಹೆಣ್ಣು ಎಂದು ಸೇರಿಸಿದ್ದೂ ಉಂಟು. ಕೇಳಿದವರಿಗೆ ಸಮಾಧಾನವಾಗುತ್ತಿತ್ತು, ನನಗೂ ಆಗುತ್ತಿತ್ತು.

ನಿವೃತ್ತನಾದ ಮೇಲೆ ಶಿರಾ ಸುತ್ತಣ ಕೆರೆಗಳ ವಿಷಯವಾಗಿ ಹಳೆಯ ಕಡತ ನೋಡುತ್ತಿದ್ದಾಗ ಆ ತಾಲ್ಲೂಕಿನ ಮಳೆಯ ದಿನವಹಿ ದಾಖಲೆ ಕೈಗೆ ಸಿಕ್ಕಿತು. ೧೯೩೬ನೆಯ ಅಕ್ಟೋಬರ್ ತಿಂಗಳ ಪುಟ ಚೆನ್ನಾಗಿ ಉಳಿದಿದೆ, ಕೈಬರಹ ಸ್ಪಷ್ಟವಾಗಿದೆ. ಮಳೆಯನ್ನು ಮಾರನೆಯ ಬೆಳಿಗ್ಗೆ ಅಳೆದು ಬರೆಯುವ ಕ್ರಮವಾದ್ದರಿಂದ ೨೫ನೆಯ ತಾರೀಖಿನ ಸಾಲನ್ನೂ ೨೬ರ ಸಾಲನ್ನೂ ನೋಡಿದೆ. ನನ್ನ ಹಳೆಯ ತಪ್ಪಿನಂತೆ ಶನಿವಾರವೇ ಇದ್ದೀತೆಂದು ೨೪ನ್ನೂ ನೋಡಿದೆ. ಮೂರೂ ಕಡೆ ಅಡ್ಡಗೆರೆ ಎಳೆದಿದೆ, ಅಂದರೆ ಮಳೆಯಿಲ್ಲ. ಮಳೆಮಾಪಕ ಇದ್ದದ್ದು ಕಚೇರಿಯ ಅಂಗಳದಲ್ಲಿ, ನಮ್ಮ ಬೀದಿಗೆ ಕೂಗಳತೆಯಲ್ಲಿ. ಅಳೆಯಲು ಸಿಗದಷ್ಟು ಹನಿದಿದ್ದರೆ ಅದನ್ನು ಪಕ್ಕದಲ್ಲಿ ಟಿಪ್ಪಣಿಯಾಗಿ ಬರೆಯುತ್ತಿದ್ದರು. ಅದೇ ಪುಟದಲ್ಲಿ ಬೇರೊಂದು ದಿನಕ್ಕೆ ಹಾಗೆ ಬರೆದಿದೆ. ದಶಮಿಯ ದಿನಕ್ಕೆ ಟಿಪ್ಪಣಿಯೂ ಇಲ್ಲ. ಹಾಗಾದರೆ ನನ್ನ ಟವೆಲು ನೆನೆಯಲಿಲ್ಲ, ಎಲೆಯ ಮೇಲೆ ನೀರು ನಿಲ್ಲಲಿಲ್ಲ. ಅಂದು ಶಿರಾದಲ್ಲಿ ಮಳೆ ಬಂತೆಂದು ಹೇಳಿದವಳು ಅವಳೊಬ್ಬಳೇ.